ಸಣ್ಣ ವ್ಯಾಪಾರಕ್ಕೆ ಎಐ: ಕಾಸರಗೋಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಚಾಟ್‌ಜಿಪಿಟಿ ತರಹದ ಎಐ ಹತ್ತಿರ ಒಂದು ಪ್ರಶ್ನೆ ಕೇಳಿ ನೋಡಿ. "ಮನೆಯಲ್ಲಿ ಹಪ್ಪಳ ಮಾಡಿ ಮಾರುತ್ತೇನೆ, ಸಹಾಯಧನ ಎಲ್ಲಿ ಸಿಗುತ್ತದೆ?" ಅಂತ. ಹೆಚ್ಚಾಗಿ ಅದು ಕರ್ನಾಟಕ ಸರ್ಕಾರದ ಯೋಜನೆಗಳ ಪಟ್ಟಿಯನ್ನೇ ಮುಂದಿಡುತ್ತದೆ. ಪೆರ್ಲದಲ್ಲೋ ಬಾಯಾರಿನಲ್ಲೋ ಕೂತು ಕೇಳಿದವರಿಗೆ ಆ ಪಟ್ಟಿಯಿಂದ ಏನೂ ಪ್ರಯೋಜನ ಇಲ್ಲ. ನಮ್ಮದು ಕೇರಳ. ನಮಗೆ ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀ, ನಮ್ಮ ಪಂಚಾಯತು, ನಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರ. "ಏಪ್ರಿಲ್ ತಿಂಗಳಿಗೆ ಒಂದು ಹಬ್ಬದ ಆಫರ್ ಬರೆದು ಕೊಡು" ಅಂದರೆ ಯುಗಾದಿಯ ಬೇವು ಬೆಲ್ಲ ಹಾಕಿ ಬರೆಯುತ್ತದೆ. ಇಲ್ಲಿ ಪೇಟೆ ತುಂಬುವುದು ವಿಷುವಿಗೆ. ಆಮೇಲೆ ಓಣಂಗೆ.

ತಪ್ಪು ಅದರದ್ದು ಅಂತ ಬೈದು ಸುಮ್ಮನಾಗುವವರು ಇದ್ದಾರೆ. ಕನ್ನಡ ಅಂದ ಕೂಡಲೇ ಕರ್ನಾಟಕ ಎಂದು ಅದು ಲೆಕ್ಕ ಹಾಕುತ್ತದೆ, ಅಷ್ಟೇ. ನಾವು ಎಲ್ಲಿದ್ದೇವೆ, ಏನು ಮಾರುತ್ತೇವೆ, ಯಾರಿಗೆ ಮಾರುತ್ತೇವೆ ಎಂದು ಹೇಳದೆ ಇದ್ದರೆ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಹೇಳುವುದು ಹೇಗೆ ಅನ್ನುವುದೇ ಈ ಬರಹದ ದೊಡ್ಡ ಭಾಗ.

ನಾನು ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಸಣ್ಣ ವ್ಯಾಪಾರ ಮಾಡುವವರಿಗೆ ಎಐ ಬಳಸಲು ಕಲಿಸುತ್ತೇನೆ. ಅದೇ ನನ್ನ ವ್ಯಾಪಾರ. ಬರುವವರಲ್ಲಿ ಹೆಂಗಸರೇ ಜಾಸ್ತಿ. ಹಪ್ಪಳ ಉಪ್ಪಿನಕಾಯಿ ಮಾಡುವವರು, ಬ್ಲೌಸ್ ಹೊಲಿಯುವವರು, ಹಾಳೆ ತಟ್ಟೆ ಮಾಡುವವರು, ನರ್ಸರಿ ಇಟ್ಟವರು, ಮನೆಯಲ್ಲೇ ಕೇಕ್ ಮಾಡಿ ಕೊಡುವವರು. ಎಲ್ಲರ ಮೊದಲ ಪ್ರಶ್ನೆ ಒಂದೇ: "ಟೀಚರೇ, ಇದಕ್ಕೆ ದುಡ್ಡೆಷ್ಟು?" ಶುರು ಮಾಡಲು ಏನೂ ಬೇಡ. ಕೈಯಲ್ಲಿರುವ ಫೋನು, ಈಗ ಇರುವ ನೆಟ್ ಪ್ಯಾಕು ಸಾಕು.

ಇಲ್ಲಿ ಎಐ ಅಂದರೆ ಚಾಟ್‌ಜಿಪಿಟಿ, ಗೂಗಲ್ ಜೆಮಿನಿ, ವಾಟ್ಸಾಪ್ ಒಳಗೇ ಬರುವ ಮೆಟಾ ಎಐ ತರಹದವು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡ, ಮಲಯಾಳ ಸೇರಿ ಒಂಬತ್ತು ಭಾರತೀಯ ಭಾಷೆಗಳು ಅದರಲ್ಲಿದ್ದವು. ಇವೆಲ್ಲ ರಾಶಿಗಟ್ಟಲೆ ಬರಹ ಓದಿ, ಮುಂದೆ ಯಾವ ಪದ ಬಂದರೆ ಸರಿಯಾಗುತ್ತದೆ ಎಂದು ಅಂದಾಜು ಮಾಡುತ್ತಾ ಬರೆಯುತ್ತವೆ. ಹಾಗಾಗಿ ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಗತ್ತಿನಲ್ಲೇ ಹೇಳುತ್ತವೆ. ಇದು ತಲೆಯಲ್ಲಿರಲಿ.

ಹೆಜ್ಜೆ 1: ಒಂದೇ ಒಂದು ಕೆಲಸ ಆರಿಸಿ

ಒಂದು ವಾರ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆಯೋ ಹಳೇ ನೋಟ್ ಪುಸ್ತಕದಲ್ಲೋ ಬರೆದಿಡಿ: ವ್ಯಾಪಾರಕ್ಕಾಗಿ ಫೋನಲ್ಲಿ ಏನೇನು ಮಾಡಿದಿರಿ, ಯಾವುದು ತಲೆ ತಿಂದಿತು. ಒಂದೇ ಬೆಲೆಯನ್ನು ಹತ್ತು ಜನಕ್ಕೆ ಟೈಪ್ ಮಾಡಿದ್ದು. ಮಲಯಾಳದಲ್ಲಿ ಬಂದ ಮೆಸೇಜನ್ನು ಮಗಳ ಹತ್ತಿರ ಓದಿಸಿದ್ದು. ಪೋಸ್ಟರ್ ಮಾಡಿಸಲು ಪೇಟೆಗೆ ಹೋದದ್ದು. ಮದುವೆ ಆರ್ಡರಿಗೆ ಎಷ್ಟು ಹೇಳಬೇಕು ಎಂದು ರಾತ್ರಿ ಕೂತು ಯೋಚಿಸಿದ್ದು.

ಅದರಲ್ಲಿ ಜಾಸ್ತಿ ಸಲ ಬಂದದ್ದನ್ನು ಮಾತ್ರ ಮೊದಲು ಎಐಗೆ ಕೊಡಿ. ಎಲ್ಲವನ್ನೂ ಒಟ್ಟಿಗೆ ಹಿಡಿದವರು ಎರಡನೇ ವಾರಕ್ಕೆ ಆ್ಯಪ್ ತೆರೆಯುವುದನ್ನೇ ಬಿಡುತ್ತಾರೆ. ಯಾರಿಗೆ ಕಡ ಕೊಡಬಹುದು, ಯಾವ ಅಂಗಡಿಯವರು ದುಡ್ಡು ಸರಿಯಾಗಿ ಕೊಡುತ್ತಾರೆ, ಇಂಥದ್ದನ್ನು ಅದರ ಹತ್ತಿರ ಕೇಳಬೇಡಿ. ಅದು ನಿಮಗೇ ಚೆನ್ನಾಗಿ ಗೊತ್ತು.

ಹೆಜ್ಜೆ 2: ಫೋನು ಸಿದ್ಧ ಮಾಡಿ

ಪ್ಲೇ ಸ್ಟೋರಿನಲ್ಲಿ ಚಾಟ್‌ಜಿಪಿಟಿ ಅಂತ ಹುಡುಕಿದರೆ ಅದೇ ತರಹದ ಹೆಸರು, ಅದೇ ತರಹದ ಚಿತ್ರ ಇರುವ ನಕಲಿಗಳೂ ಸಾಲಾಗಿ ಬರುತ್ತವೆ. ಹಾಕುವ ಮೊದಲು ಆ್ಯಪ್ ಹೆಸರಿನ ಕೆಳಗೆ ಯಾರು ಮಾಡಿದ್ದು ಎಂದು ನೋಡಿ. ಚಾಟ್‌ಜಿಪಿಟಿ ಆದರೆ ಓಪನ್‌ಎಐ, ಜೆಮಿನಿ ಆದರೆ ಗೂಗಲ್ ಎಂದಿರಬೇಕು. ಹಾಕಿದ ಕೂಡಲೇ "ಮೂರು ದಿನ ಫ್ರೀ, ಕಾರ್ಡ್ ನಂಬರ್ ಹಾಕಿ" ಅಂದರೆ ತೆಗೆದುಬಿಡಿ. ಎರಡರಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆಗೆ ಸಮಯ ಹಾಳು ಮಾಡಬೇಡಿ. ಒಂದನ್ನು ಹಿಡಿದು ಕೈ ಪಳಗಿಸಿಕೊಳ್ಳಿ.

ವ್ಯಾಪಾರಕ್ಕೆ ಬೇರೆಯೇ ಒಂದು ಜಿಮೇಲ್ ಇರಲಿ. ಮಗನ ಮೇಲ್‌ನಲ್ಲಿ ತೆರೆದುಕೊಂಡರೆ ಅವನು ಕೆಲಸಕ್ಕೆ ಹೋದ ಮೇಲೆ ಪಾಸ್‌ವರ್ಡಿಗೆ ಪರದಾಡಬೇಕು.

ಟೈಪ್ ಮಾಡಲು ಬೇಜಾರಾದರೆ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ. ಭಾಷೆ ಕನ್ನಡ ಎಂದು ಮೊದಲೇ ಹಾಕಿಕೊಳ್ಳಿ. ನಮ್ಮ ಮಾತಿನಲ್ಲಿ ತುಳು, ಮಲಯಾಳ ಎಲ್ಲ ಸೇರಿಕೊಂಡಿರುತ್ತದೆ, ಹಾಗಾಗಿ ಅದು ಅಲ್ಲಲ್ಲಿ ಏನೇನೋ ಬರೆಯುತ್ತದೆ. ಪರವಾಗಿಲ್ಲ, ಒಂದೆರಡು ಪದ ತಪ್ಪಾದರೂ ಎಐಗೆ ಅರ್ಥವಾಗುತ್ತದೆ. ಅಂಕಿಗಳನ್ನು ಮಾತ್ರ ಕಣ್ಣಿಟ್ಟು ನೋಡಿ ಸರಿ ಮಾಡಿ ಕಳಿಸಿ.

ಇನ್ನೊಂದು ಸೆಟ್ಟಿಂಗ್. ನೀವು ಬರೆದದ್ದನ್ನು ಕಂಪೆನಿ ತನ್ನ ಎಐಯನ್ನು ಇನ್ನಷ್ಟು ಕಲಿಸಲು ಬಳಸಬಹುದು. ಬೇಡ ಅಂದರೆ ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್‌ಗೆ ಹೋಗಿ ಅದನ್ನು ಆಫ್ ಮಾಡಬಹುದು. ಜೆಮಿನಿಯಲ್ಲಿ ಆ್ಯಕ್ಟಿವಿಟಿ ಎಂಬ ಕಡೆ ಇದೆ. ಆಫ್ ಮಾಡಿದ ಮೇಲೂ ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್, ಗಿರಾಕಿಗಳ ಫೋನ್ ನಂಬರಿನ ಪಟ್ಟಿ, ಒಟಿಪಿ, ಇವು ಯಾವುದನ್ನೂ ಅದಕ್ಕೆ ಹಾಕಬೇಡಿ.

ಹೆಜ್ಜೆ 3: ಮಾಹಿತಿ ಚೀಟಿ ಬರೆಯಿರಿ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ನನ್ನ ತರಗತಿಯಲ್ಲಿ ಅರ್ಧ ಸಮಯ ಇದಕ್ಕೇ ಹೋಗುತ್ತದೆ. "ಎಐ ಕಲಿಸುತ್ತೇನೆ ಅಂತ ಕರೆದು ಚೀಟಿ ಬರೆಸುತ್ತೀರಲ್ಲ" ಎಂದು ಕೆಲವರು ಗೊಣಗುತ್ತಾರೆ. ಬರೆಸುತ್ತೇನೆ.

ನಿಮ್ಮ ವ್ಯಾಪಾರದ ಬಗ್ಗೆ ಎಐಗೆ ಗೊತ್ತಿರಬೇಕಾದದ್ದನ್ನೆಲ್ಲ ಒಂದೇ ಕಡೆ, ಫೋನಿನ ನೋಟ್ಸ್‌ನಲ್ಲಿ ಬರೆದಿಡುವುದೇ ಮಾಹಿತಿ ಚೀಟಿ. ಹೊಸ ಚಾಟ್ ಶುರು ಮಾಡುವಾಗ ಅದನ್ನು ಕಾಪಿ ಮಾಡಿ ಮೊದಲು ಹಾಕುವುದು, ಆಮೇಲೆ ಪ್ರಶ್ನೆ ಕೇಳುವುದು. ಹಲಸಿನ ಹಪ್ಪಳ ಮಾಡುವ ಮನೆಯೊಂದಕ್ಕೆ ಅದು ಹೀಗಿರಬಹುದು. ಬೆಲೆ, ಲೆಕ್ಕ ಎಲ್ಲ ಉದಾಹರಣೆಗೆ ಮಾತ್ರ:

"ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಇದ್ದೇನೆ. ಕರ್ನಾಟಕದಲ್ಲಿ ಅಲ್ಲ. ಕುಟುಂಬಶ್ರೀ ಸದಸ್ಯೆ. ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಕೆಲಸ ಮಾಡುವವರು ಇಬ್ಬರು. 25 ಹಪ್ಪಳದ ಕಟ್ಟಿಗೆ 80 ರೂಪಾಯಿ. ಹಾಕುವುದು ಹಲಸಿನ ಕಾಯಿ ಸೊಳೆ, ಮೆಣಸು, ಕೊತ್ತಂಬರಿ, ಉಪ್ಪು. ಬಣ್ಣ ಇಲ್ಲ. ಬಿಸಿಲಲ್ಲಿ ಒಣಗಿಸುತ್ತೇವೆ, ಮಳೆ ಹಿಡಿದ ಮೇಲೆ ಮಾಡುವುದಿಲ್ಲ. ಗಿರಾಕಿಗಳು ಬದಿಯಡ್ಕ, ಕಾಸರಗೋಡು ಪೇಟೆಯವರು, ಮಂಗಳೂರಿನ ಕೆಲವು ಮನೆಗಳು, ಗಲ್ಫಿಗೆ ಒಯ್ಯುವವರು. ಅರ್ಧ ಜನ ಕನ್ನಡದಲ್ಲಿ, ಅರ್ಧ ಜನ ಮಲಯಾಳದಲ್ಲಿ ಮೆಸೇಜ್ ಮಾಡುತ್ತಾರೆ. ಪಾರ್ಸೆಲ್ ಖರ್ಚು ಗಿರಾಕಿಯದ್ದು. ಹತ್ತು ಕಟ್ಟಿನ ಮೇಲೆ ತೆಗೆದುಕೊಂಡರೆ ಒಂದು ಕಟ್ಟು ಫ್ರೀ. ಶುಗರ್ ಕಡಿಮೆಯಾಗುತ್ತದೆ, ಆರ್ಗ್ಯಾನಿಕ್, ಔಷಧಿ ಗುಣ ಎಂದೆಲ್ಲ ಬರೆಯಬೇಡ. ನಾನು ಕೊಡದ ಬೆಲೆ, ತಾರೀಕು, ಆಫರ್ ಸೇರಿಸಬೇಡ. ಗೊತ್ತಿಲ್ಲದಿದ್ದರೆ ನನ್ನ ಹತ್ತಿರ ಕೇಳು."

ಕೊನೆಯ ಮೂರು ವಾಕ್ಯ ಬಿಟ್ಟುಬಿಡಬೇಡಿ. ಎಐಗೆ ಸುಮ್ನೆ ಒಂದು ಜಾಹೀರಾತು ಬರೆ ಎಂದರೆ ತಾನಾಗಿ "ಇಂದೇ ಆರ್ಡರ್ ಮಾಡಿ ಶೇಕಡ 20 ರಿಯಾಯಿತಿ ಪಡೆಯಿರಿ" ಎಂದು ಸೇರಿಸುವ ಚಾಳಿ ಇದೆ. ಅದನ್ನು ಓದದೆ ಗ್ರೂಪಿಗೆ ಹಾಕಿದರೆ ರಿಯಾಯಿತಿ ಕೊಡಬೇಕಾದವರು ನೀವು. ಔಷಧಿ ಗುಣದ ವಿಷಯವೂ ಹಾಗೆಯೇ. ಆಹಾರದ ಜಾಹೀರಾತಿನಲ್ಲಿ ಏನು ಹೇಳಬಹುದು, ಏನು ಹೇಳಬಾರದು ಎಂಬುದಕ್ಕೆ 2018ರಿಂದ ಪ್ರತ್ಯೇಕ ನಿಯಮವೇ ಇದೆ. ಹಲಸು ಅಂದ ಕೂಡಲೇ ಎಐ ಸಕ್ಕರೆ ಕಾಯಿಲೆಯ ಸುದ್ದಿ ಎತ್ತುತ್ತದೆ. ಪ್ಯಾಕೆಟಿನ ಮೇಲೆ ಅದನ್ನು ಹಾಕಿ ಸಿಕ್ಕಿಬೀಳಬೇಡಿ.

ಹೊಲಿಗೆಯವರ ಚೀಟಿ ಬೇರೆ. ಅದರಲ್ಲಿ ಲೈನಿಂಗ್ ಇರುವ ಬ್ಲೌಸಿಗೆ ಎಷ್ಟು, ಇಲ್ಲದ್ದಕ್ಕೆ ಎಷ್ಟು, ಎಷ್ಟು ದಿನ ಬೇಕು, ಅರ್ಜೆಂಟ್ ಆದರೆ ಎಷ್ಟು, ಮದುವೆ ಸೀಸನ್ನಿನಲ್ಲಿ ಯಾವ ತಾರೀಕಿನ ಮೇಲೆ ಬಟ್ಟೆ ತೆಗೆದುಕೊಳ್ಳುವುದಿಲ್ಲ, ಇಷ್ಟು ಇರಲಿ. ಹಾಳೆ ತಟ್ಟೆಯವರಿಗೆ ಇಂಚಿನ ಅಳತೆ, ನೂರಕ್ಕೆ ಬೆಲೆ, ಒಂದು ದಿನಕ್ಕೆ ಎಷ್ಟು ಮಾಡಲು ಆಗುತ್ತದೆ ಎಂಬುದು ಮುಖ್ಯ.

ಹೆಜ್ಜೆ 4: ಕೇಳುವ ರೀತಿ

ಚೀಟಿ ಹಾಕಿದ ಮೇಲೂ "ಪೋಸ್ಟ್ ಬರೆ" ಅಂದರೆ ಸಾಲದು. ಯಾರಿಗೆ, ಎಲ್ಲಿಗೆ, ಎಷ್ಟು ಉದ್ದ, ಯಾವ ಧಾಟಿ, ನಾಲ್ಕೂ ಹೇಳಿ. ಹೇಳದಿದ್ದರೆ ಬರುವುದು ಈ ತರಹದ್ದು:

"ಸಾಂಪ್ರದಾಯಿಕ ರುಚಿಯ ಅದ್ಭುತ ಲೋಕಕ್ಕೆ ಸ್ವಾಗತ! ಪ್ರೀತಿಯಿಂದ ತಯಾರಿಸಲ್ಪಟ್ಟ ನಮ್ಮ ಹಲಸಿನ ಹಪ್ಪಳಗಳು ನಿಮ್ಮ ಪ್ರತಿಯೊಂದು ಊಟವನ್ನೂ ಅವಿಸ್ಮರಣೀಯ ಅನುಭವವನ್ನಾಗಿಸುತ್ತವೆ."

ಬದಿಯಡ್ಕ ಪೇಟೆಯಲ್ಲಿ ಹೀಗೆ ಯಾರಾದರೂ ಮಾತಾಡುವುದನ್ನು ಕೇಳಿದ್ದೀರಾ? ಈಗ ಇದನ್ನು ಹೀಗೆ ಕೇಳಿ: "ವಾಟ್ಸಾಪ್ ಸ್ಟೇಟಸ್ಸಿಗೆ ನಾಲ್ಕು ಸಾಲು. ಪರಿಚಯದವರಿಗೆ ಹೇಳುವ ಹಾಗೆ, ಸಾದಾ ಮಾತಿನಲ್ಲಿ. ಅದ್ಭುತ, ಅನುಭವ, ಸ್ವಾಗತ ಇಂಥ ಪದ ಬೇಡ. ಬೆಲೆ, ಯಾವತ್ತು ಸಿಗುತ್ತದೆ, ಎಲ್ಲಿ ಸಿಗುತ್ತದೆ ಇರಲಿ. ಶುಕ್ರವಾರದೊಳಗೆ ಹೇಳಿದರೆ ಶನಿವಾರ ಬದಿಯಡ್ಕಕ್ಕೆ ತರುತ್ತೇನೆ."

ಬರುವುದು ಹೆಚ್ಚು ಕಮ್ಮಿ ಹೀಗೆ: "ಈ ವರ್ಷದ ಹಲಸಿನ ಹಪ್ಪಳ ರೆಡಿ ಇದೆ. 25ರ ಕಟ್ಟಿಗೆ 80 ರೂಪಾಯಿ. ಬಿಸಿಲಲ್ಲಿ ಒಣಗಿಸಿದ್ದು, ಬಣ್ಣ ಹಾಕಿಲ್ಲ. ಬೇಕಾದವರು ಶುಕ್ರವಾರದೊಳಗೆ ಹೇಳಿ, ಶನಿವಾರ ಬದಿಯಡ್ಕ ಪೇಟೆಗೆ ತರುತ್ತೇನೆ."

ಇದರಲ್ಲೂ ನಿಮ್ಮ ಬಾಯಿಗೆ ಬಾರದ ಪದ ಇದ್ದರೆ ಬದಲಿಸಿ. ಇನ್ನೊಂದು ಉಪಾಯ ಇದೆ. ನೀವೇ ಹಿಂದೆ ಕಳಿಸಿದ ಮೂರ್ನಾಲ್ಕು ಮೆಸೇಜನ್ನು ಅದಕ್ಕೆ ಹಾಕಿ "ನಾನು ಬರೆಯುವುದು ಹೀಗೆ, ಇದೇ ತರಹ ಬರೆ" ಅನ್ನಿ. ವಿವರಿಸಿ ಹೇಳುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಗಿರಾಕಿಗಳ ಹೆಸರು, ನಂಬರ್ ಅಳಿಸಿ ಹಾಕಿ.

ಸರಿ ಬರಲಿಲ್ಲವೆಂದು ಹೊಸ ಚಾಟ್ ತೆರೆಯಬೇಡಿ. ಅಲ್ಲೇ ಮುಂದುವರಿಸಿ: "ಎರಡನೇ ಸಾಲು ಬೇಡ", "ಇನ್ನೂ ಗಿಡ್ಡ ಮಾಡು". ಅದಕ್ಕೆ ಬೇಜಾರು ಬರುವುದಿಲ್ಲ.

ಹೆಜ್ಜೆ 5: ಮಲಯಾಳ, ಕನ್ನಡ, ಮತ್ತೆ ತುಳು

ನಮ್ಮ ಊರಿನಲ್ಲಿ ಎಐಯಿಂದ ನಿಜವಾದ ಉಪಕಾರ ಇಲ್ಲಿದೆ. ಬೇರೆ ಊರಿನವರಿಗೆ ಇದು ಅಷ್ಟು ಮುಖ್ಯ ಅನ್ನಿಸಲಿಕ್ಕಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಲ್ಲಿ ಎಷ್ಟೋ ಜನ ಮಲಯಾಳ ಮಾತಾಡುತ್ತೇವೆ, ಓದಲು ಬರುವುದಿಲ್ಲ. ಗಿರಾಕಿ ಮಲಯಾಳದಲ್ಲಿ ಉದ್ದ ಮೆಸೇಜ್ ಹಾಕಿದರೆ ಉತ್ತರ ಕೊಡಲು ಸಂಜೆವರೆಗೆ ಕಾಯಬೇಕು. ಅಷ್ಟರಲ್ಲಿ ಅವರು ಬೇರೆ ಕಡೆ ಆರ್ಡರ್ ಕೊಟ್ಟಾಗಿರುತ್ತದೆ.

ಹೀಗೆ ಮಾಡಿ. ಮೆಸೇಜನ್ನು ಒತ್ತಿ ಹಿಡಿದು ಕಾಪಿ ಮಾಡಿ ಎಐಗೆ ಹಾಕಿ. "ಇದರಲ್ಲಿ ಏನು ಕೇಳಿದ್ದಾರೆ ಎಂದು ಕನ್ನಡದಲ್ಲಿ ಹೇಳು. ಎಷ್ಟು ಬೇಕು, ಯಾವತ್ತಿಗೆ ಬೇಕು, ಎಲ್ಲಿಗೆ ಕಳಿಸಬೇಕು, ಮೂರನ್ನೂ ಬೇರೆ ಬೇರೆ ಬರೆ" ಅನ್ನಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಮಲಯಾಳವನ್ನೂ ಅದು ಚೆನ್ನಾಗಿಯೇ ಓದುತ್ತದೆ. ಕೈಬರಹದ ಚೀಟಿ ಆದರೆ ಫೋಟೊ ತೆಗೆದು ಹಾಕಿ.

ಉತ್ತರವನ್ನು ಕನ್ನಡದಲ್ಲಿ ಹೇಳಿ ಮಲಯಾಳ ಮಾಡಿಸಿ. ಕಳಿಸುವ ಮೊದಲು ಒಂದು ಪರೀಕ್ಷೆ: ಆ ಮಲಯಾಳವನ್ನು ಕಾಪಿ ಮಾಡಿ, ಹೊಸ ಚಾಟ್ ತೆರೆದು, ಏನೂ ವಿವರ ಕೊಡದೆ "ಇದನ್ನು ಕನ್ನಡದಲ್ಲಿ ಹೇಳು" ಅನ್ನಿ. ನೀವು ಹೇಳಿದ್ದೇ ವಾಪಸ್ ಬಂದರೆ ಸರಿ. ಅದೇ ಚಾಟಿನಲ್ಲಿ ಕೇಳಿದರೆ ಪ್ರಯೋಜನ ಇಲ್ಲ, ನೀವು ಮೊದಲು ಹೇಳಿದ್ದು ಅದಕ್ಕೆ ನೆನಪಿರುತ್ತದೆ. ಬೆಲೆ, ತಾರೀಕು, "ಪಾರ್ಸೆಲ್ ಖರ್ಚು ನಿಮ್ಮದು" ಎಂಬ ಸಾಲು, ಈ ಮೂರನ್ನು ವಿಶೇಷವಾಗಿ ನೋಡಿ. ಜಗಳ ಆಗುವುದು ಇಲ್ಲೇ. ಮಲಯಾಳ ಓದಲು ಬರುವ ಒಬ್ಬರಿಂದ ಮೊದಲ ಕೆಲವು ಉತ್ತರಗಳನ್ನು ಓದಿಸಿಕೊಂಡರೆ ಧೈರ್ಯ ಬರುತ್ತದೆ.

ಅಂಗಡಿಗೆ ಬಂದರೆ ನಾವು ಚೇಚಿ, ಇಕ್ಕ, ಇತ್ತ (ಅಕ್ಕ, ಅಣ್ಣ ಅಂದ ಹಾಗೆ) ಎಂದೇ ಮಾತಾಡಿಸುವವರು. ಎಐ ಅದನ್ನೆಲ್ಲ ಬಿಟ್ಟು ಆಫೀಸಿನ ಕಾಗದದ ಹಾಗೆ ಬರೆಯುತ್ತದೆ. ಯಾರಿಗೆ ಹೇಗೆ ಕರೆಯಬೇಕು ಎಂದು ನೀವೇ ಹೇಳಿಬಿಡಿ.

ತುಳುವಿಗೆ ಬಂದರೆ, 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ತುಳುವನ್ನು ಸೇರಿಸಿತು. ಕೇಳಿದರೆ ಎಐ ಕೂಡ ತುಳುವಿನಲ್ಲಿ ಬರೆಯುತ್ತದೆ. ಓದಿ ನಗು ಬಂದರೆ ನನ್ನನ್ನು ಬೈಯಬೇಡಿ. ತುಳು, ಬ್ಯಾರಿ, ಕೊಂಕಣಿ ಗಿರಾಕಿಗಳಿಗೆ ನಿಮ್ಮ ಬಾಯಿಂದಲೇ ಒಂದು ವಾಯ್ಸ್ ಮೆಸೇಜ್ ಹಾಕಿದರೆ ಸಾಕು.

ಪಂಚಾಯತಿನಿಂದಲೋ ಬೇರೆ ಕಚೇರಿಯಿಂದಲೋ ಮಲಯಾಳದಲ್ಲಿ ಕಾಗದ ಬಂದರೆ ಅದಕ್ಕೂ ಇದೇ ದಾರಿ. ಆಧಾರ್, ಖಾತೆ ನಂಬರ್ ಇರುವ ಜಾಗಕ್ಕೆ ಒಂದು ತುಂಡು ಕಾಗದ ಇಟ್ಟು ಫೋಟೊ ತೆಗೆಯಿರಿ. "ಯಾವ ಕಚೇರಿಯಿಂದ, ನಾನೇನು ಮಾಡಬೇಕು, ಕೊನೆಯ ದಿನ ಯಾವುದು, ಏನೇನು ದಾಖಲೆ ಬೇಕು" ಎಂದು ಕೇಳಿ. ಇದು ವಿಷಯ ತಿಳಿದುಕೊಳ್ಳಲು ಮಾತ್ರ. ಅರ್ಜಿ ತುಂಬಿಸುವ ಮೊದಲು ಅಕ್ಷಯ ಕೇಂದ್ರದಲ್ಲೋ (ಸರ್ಕಾರಿ ಆನ್‌ಲೈನ್ ಸೇವೆ ಮಾಡಿಕೊಡುವ ಕೇಂದ್ರ) ಆ ಕಚೇರಿಯಲ್ಲೋ ಒಮ್ಮೆ ಕೇಳಿಕೊಳ್ಳಿ. ಕೊನೆಯ ದಿನ ತಪ್ಪಿದರೆ ಎಐ ಹೇಳಿತ್ತು ಅಂದರೆ ಯಾರೂ ಕೇಳುವುದಿಲ್ಲ.

ಹೆಜ್ಜೆ 6: ಬೆಲೆಯ ಲೆಕ್ಕ

ಮನೆಯಲ್ಲಿ ಮಾಡಿ ಮಾರುವವರಿಗೆ ನಾನು ಜಾಹೀರಾತಿಗಿಂತ ಮೊದಲು ಇದನ್ನು ಮಾಡಿ ಅನ್ನುತ್ತೇನೆ. ಎಷ್ಟೋ ಜನ ನಷ್ಟದಲ್ಲಿ ಮಾರುತ್ತಿರುತ್ತಾರೆ, ಅವರಿಗೆ ಗೊತ್ತಿರುವುದಿಲ್ಲ.

ಒಂದು ಲೆಕ್ಕ ನೋಡಿ. ಒಂದು ಸಲಕ್ಕೆ 400 ಹಪ್ಪಳ ಮಾಡಿದಿರಿ. ಒಡೆದದ್ದು, ಸರಿ ಒಣಗದ್ದು 25 ಹೋಯಿತು. ಉಳಿದ 375ರಲ್ಲಿ 15 ಕಟ್ಟು. ಹಲಸು ಕೊಯ್ದು ತರಿಸಲು 150, ಮೆಣಸು ಕೊತ್ತಂಬರಿ ಉಪ್ಪಿಗೆ 40, ಗ್ಯಾಸಿಗೆ 60, ಕವರ್ ಮತ್ತು ಲೇಬಲ್ ಕಟ್ಟಿಗೆ 4ರಂತೆ 60. ಒಟ್ಟು 310. ಹದಿನೈದರಿಂದ ಭಾಗಿಸಿದರೆ ಕಟ್ಟಿಗೆ 21 ರೂಪಾಯಿಯೂ ಬೀಳುವುದಿಲ್ಲ. ಹಾಗಾಗಿ 60ಕ್ಕೆ ಮಾರಿದರೆ ಒಳ್ಳೆ ಲಾಭ ಅನ್ನಿಸುತ್ತದೆ.

ಇದೇ ಲೆಕ್ಕವನ್ನು ಎಐಗೆ ಹಾಕಿ, "ನಾನು ಯಾವ ಖರ್ಚು ಬಿಟ್ಟಿದ್ದೇನೆ?" ಎಂದು ಕೇಳಿ. ಅದು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಕೆಲಸ ಮಾಡಿದವರ ಕೂಲಿ ಎಲ್ಲಿ? ಇಬ್ಬರು ಅರ್ಧ ದಿನ ಕೂತದ್ದಕ್ಕೆ ತಲಾ 250ರಂತೆ 500 ಹಾಕಿ. ಈಗ ಒಟ್ಟು 810, ಕಟ್ಟಿಗೆ 54. ಅಂಗಡಿಯವರು ಮಾರಿದ ಬೆಲೆಯ ಶೇಕಡ 20 ಇಟ್ಟುಕೊಳ್ಳುತ್ತಾರೆ ಅಂದುಕೊಳ್ಳಿ. 60ರ ಕಟ್ಟಿನಲ್ಲಿ ನಿಮ್ಮ ಕೈಗೆ ಬರುವುದು 48. ಅಂದರೆ ಪ್ರತಿ ಕಟ್ಟಿಗೆ 6 ರೂಪಾಯಿ ನೀವೇ ಕೈಯಿಂದ ಹಾಕುತ್ತಿದ್ದೀರಿ. 70 ಮಾಡಿದರೆ ಉಳಿಯುವುದು 2. 80 ಮಾಡಿದರೆ 10.

ಮನೆಯ ಹೆಂಗಸರ ದುಡಿಮೆಗೆ ಬೆಲೆ ಕಟ್ಟುವ ಅಭ್ಯಾಸ ನಮ್ಮಲ್ಲಿ ಇಲ್ಲ. ಗಂಡ ಕೇಳುವುದಿಲ್ಲ, ಅಂಗಡಿಯವರು ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ. ಫೋನು ಕೇಳುತ್ತದೆ! ತರಗತಿಯಲ್ಲಿ ಈ ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಫೋನಿನ ಮೇಲಿಂದ ಕಣ್ಣೆತ್ತುವುದಿಲ್ಲ. ಎಲ್ಲರೂ ತಮ್ಮ ತಮ್ಮ ಸಾಮಾನಿಗೆ ಲೆಕ್ಕ ಹಾಕುತ್ತಿರುತ್ತಾರೆ.

"ಹಂತ ಹಂತವಾಗಿ ತೋರಿಸು" ಎಂದು ಹೇಳಲು ಮರೆಯಬೇಡಿ. ಎಐ ಕೂಡಿಸಿ ಕಳೆಯುವುದರಲ್ಲೂ ಕೆಲವೊಮ್ಮೆ ತಪ್ಪುತ್ತದೆ. ಪ್ರತಿ ಸಾಲನ್ನೂ ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ. ಮದುವೆಗೆ ದೊಡ್ಡ ಆರ್ಡರ್ ಬಂದಾಗ, ಅಂಗಡಿಯವರು ಕಮಿಷನ್ ಜಾಸ್ತಿ ಕೇಳಿದಾಗ ಇದೇ ಚಾಟಿಗೆ ವಾಪಸ್ ಬಂದು ಅಂಕಿ ಬದಲಿಸಿ ಕೇಳಬಹುದು.

ಹೆಜ್ಜೆ 7: ಉತ್ತರಗಳನ್ನು ವಾಟ್ಸಾಪ್ ಬಿಸಿನೆಸ್‌ಗೆ ಹಾಕಿ

ವಾಟ್ಸಾಪ್ ಬಿಸಿನೆಸ್ ಬೇರೆಯೇ ಆ್ಯಪ್, ದುಡ್ಡು ಬೇಡ. ಅದರಲ್ಲಿ ಕ್ವಿಕ್ ರಿಪ್ಲೈ ಎಂದಿದೆ. ಎಐ ಹತ್ತಿರ ಜಾಸ್ತಿ ಬರುವ ಐದಾರು ಪ್ರಶ್ನೆಗಳಿಗೆ ಎರಡೂ ಭಾಷೆಯಲ್ಲಿ ಉತ್ತರ ಬರೆಸಿ, ಸರಿ ನೋಡಿ, ಅಲ್ಲಿ ಉಳಿಸಿಡಿ. ಆಮೇಲೆ ಓರೆಗೆರೆ (/) ಹಾಕಿ "ಬೆಲೆ" ಎಂದರೆ ಪೂರ್ತಿ ಉತ್ತರ ತಾನಾಗಿ ಬರುತ್ತದೆ. ಸಾಮಾನಿನ ಫೋಟೊ ಬೆಲೆ ಸಮೇತ ಕ್ಯಾಟಲಾಗಿನಲ್ಲಿ ಹಾಕಿಡಿ.

ಗಿರಾಕಿಗಳಿಗೆ ಎಐ ತಾನೇ ಉತ್ತರ ಕೊಡುವ ವ್ಯವಸ್ಥೆ ಮಾರಲು ಕೆಲವರು ಬರುತ್ತಾರೆ. ದಿನಕ್ಕೆ ಇಪ್ಪತ್ತು ಮೂವತ್ತು ಮೆಸೇಜ್ ಬರುವವರಿಗೆ ಅದು ಬೇಡವೇ ಬೇಡ. ನಮ್ಮ ವ್ಯಾಪಾರ ನಡೆಯುವುದೇ ಪರಿಚಯದ ಮೇಲೆ.

ಹೆಜ್ಜೆ 8: ಫೋಟೊ, ಪೋಸ್ಟರ್

ಎಐಯಿಂದ ಹಪ್ಪಳದ ಚಿತ್ರ ಮಾಡಿಸಬೇಡಿ. ಅದು ಮಾಡಿಕೊಡುವ ಹಪ್ಪಳ ಹೊಳೆಯುತ್ತದೆ, ದುಂಡಗಿರುತ್ತದೆ, ನಿಮ್ಮದು ಹಾಗಿರುವುದಿಲ್ಲ. ಕಟ್ಟು ಬಿಚ್ಚಿದವರಿಗೆ ಮೋಸ ಆಯಿತು ಅನ್ನಿಸುತ್ತದೆ. ಬೆಳಗ್ಗೆ ಕಿಟಕಿ ಪಕ್ಕ, ಬಾಳೆಲೆಯ ಮೇಲೋ ಬಿಳಿ ಬಟ್ಟೆಯ ಮೇಲೋ ಇಟ್ಟು ನಿಮ್ಮ ಸಾಮಾನಿನದ್ದೇ ಫೋಟೊ ತೆಗೆಯಿರಿ. ಹಿಂದಿನ ಗಲೀಜು ತೆಗೆಯಲು ಬೇಕಾದರೆ ಎಐ ಬಳಸಿ.

ಚಿತ್ರದ ಒಳಗೆ ಕನ್ನಡ ಬರೆಸಿದರೆ ಎಷ್ಟೋ ಸಲ ಒತ್ತಕ್ಷರ ಎಲ್ಲೋ ಹೋಗಿರುತ್ತದೆ, ದೀರ್ಘ ಮಾಯ. ಹಾಗಾಗಿ ಎಐಯಿಂದ ಮಾತು ಮಾತ್ರ ತೆಗೆದುಕೊಳ್ಳಿ. ಕ್ಯಾನ್ವಾ ತರಹದ ಆ್ಯಪಿನಲ್ಲಿ ನಿಮ್ಮ ಫೋಟೊ ಹಾಕಿ, ಅದರ ಮೇಲೆ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿ.

ಹೆಜ್ಜೆ 9: ಕಾನೂನು, ತೆರಿಗೆ, ಯೋಜನೆ ಕೇಳುವಾಗ

ಇಲ್ಲಿ ಎಐಯನ್ನು ನಂಬಿ ಕೂರಬೇಡಿ. ಒಂದು ಉದಾಹರಣೆ ನಮ್ಮ ಗಡಿಯದ್ದೇ. "ನನಗೆ ಜಿಎಸ್‌ಟಿ ನೋಂದಣಿ ಬೇಕಾ?" ಎಂದು ಕೇಳಿದರೆ ಅದು ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ಮಿತಿ ಹೇಳಿ, ನಿಮಗೆ ಬೇಡ ಎಂದು ಮುಗಿಸಬಹುದು. ಆದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಸಾಮಾನು ಮಾರಿದರೆ ಅದು ಬೇರೆ ರಾಜ್ಯಕ್ಕೆ ಮಾರಿದ ಹಾಗೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಆ ಮಿತಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಸ್ವಲ್ಪ ಮಾರಿದರೂ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಹಪ್ಪಳ ಮಾತ್ರ ಮಾರುವವರಿಗೆ ಈ ತಲೆಬಿಸಿ ಇಲ್ಲ. ಜೊತೆಗೆ ಉಪ್ಪಿನಕಾಯಿಯನ್ನೂ ಕಳಿಸಿದರೆ ಕತೆ ಬೇರೆ. ಕಾಸರಗೋಡಿನವರಿಗೆ ಮಂಗಳೂರು ಪಕ್ಕದ ಪೇಟೆ, ಕಾನೂನಿಗೆ ಅದು ಹೊರರಾಜ್ಯ. ಎಐಗೆ ನೀವು ಎಲ್ಲಿಂದ ಎಲ್ಲಿಗೆ ಮಾರುತ್ತೀರಿ ಎಂದು ಹೇಳಿ ಕೇಳಿ, ಬಂದ ಉತ್ತರವನ್ನು ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರ ತೋರಿಸಿ.

ಯೋಜನೆಗಳ ವಿಷಯದಲ್ಲಿ ಎರಡು ತೊಂದರೆ. ಒಂದು ಮೊದಲೇ ಹೇಳಿದ ಹಾಗೆ ಕರ್ನಾಟಕದ್ದನ್ನು ಹೇಳುವುದು. ಇನ್ನೊಂದು ಹಳೇದನ್ನು ಹೇಳುವುದು. ಉದಾಹರಣೆಗೆ, ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ ಶೇಕಡ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಕೊಡುವ ಕೇಂದ್ರದ ಯೋಜನೆ 2020ರಲ್ಲಿ ಬಂತು. ಪಿಎಂಎಫ್‌ಎಂಇ ಎಂದು ಹೆಸರು. ಯೋಜನೆಗಳಿಗೆ ಅವಧಿ ಇರುತ್ತದೆ, ನಿಯಮ ಬದಲಾಗುತ್ತದೆ. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಎಂದು ಕೈಗಾರಿಕಾ ಕೇಂದ್ರದಲ್ಲೋ ಕುಟುಂಬಶ್ರೀಯ ಪಂಚಾಯತು ಮಟ್ಟದ ಸಮಿತಿಯಾದ ನಿಮ್ಮ ಸಿಡಿಎಸ್‌ನಲ್ಲೋ ಕೇಳಿ. ಕೇಳಲು ಹೋಗುವ ಮೊದಲು "ಅಲ್ಲಿ ನಾನು ಏನೇನು ಕೇಳಬೇಕು, ಪಟ್ಟಿ ಮಾಡು" ಎಂದು ಎಐಗೆ ಹೇಳಿ. ಅದಕ್ಕೆ ಅದು ಬಹಳ ಒಳ್ಳೆಯದು. ಕಚೇರಿಯಲ್ಲಿ ತಡವರಿಸುವುದು ತಪ್ಪುತ್ತದೆ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ, ಅದಕ್ಕೆ ಸರ್ಕಾರಿ ಪೋರ್ಟಲ್‌ನಲ್ಲಿ ಶುಲ್ಕವೇ ಇಲ್ಲ. ಯಾರಾದರೂ ಸರ್ಕಾರದ ಫೀಸು ಎಂದು ಕೇಳಿದರೆ ಕೊಡಬೇಡಿ. ಆಹಾರ ಮಾಡುವವರಿಗೆ ಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಂಬರ್ 14 ಅಂಕಿಯದ್ದು. ಲೇಬಲ್ ಮಾದರಿ ಬರೆಸುವಾಗ ಎಐ ಆ ಜಾಗಕ್ಕೆ ಯಾವುದೋ 14 ಅಂಕಿ ತುಂಬಿಸಿದ್ದರೆ ಅದು ನಿಮ್ಮದಲ್ಲ. ಪ್ರಿಂಟಿಗೆ ಕೊಡುವ ಮೊದಲು ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಒಂದೊಂದೇ ಅಂಕಿ ನೋಡಿ.

ಬೇರೆಯವರಿಗೆ ಕಲಿಸುವವರಿಗೆ ನಾಲ್ಕು ಮಾತು

ಅಯಲ್‌ಕೂಟದಲ್ಲಿ (ಕುಟುಂಬಶ್ರೀಯ ನೆರೆಮನೆಯವರ ಗುಂಪು) ಇದನ್ನು ಹೇಳಿಕೊಡಬೇಕು ಎಂದು ಕೆಲವರು ಕೇಳುತ್ತಾರೆ. ಖಂಡಿತ ಮಾಡಿ, ಇದಕ್ಕೆ ಡಿಗ್ರಿ ಬೇಡ. ಹತ್ತು ಜನಕ್ಕಿಂತ ಜಾಸ್ತಿ ಬೇಡ. ಪ್ರೊಜೆಕ್ಟರ್ ಬೇಡ. ಇಬ್ಬರಿಗೆ ಒಂದು ಫೋನು, ಒಬ್ಬರು ಹೇಳಬೇಕು, ಇನ್ನೊಬ್ಬರು ಒತ್ತಬೇಕು. ಫೋನು ನಿಮ್ಮ ಕೈಗೆ ತೆಗೆದುಕೊಂಡು ಮಾಡಿ ಕೊಡಬೇಡಿ, ಎಷ್ಟೇ ನಿಧಾನವಾದರೂ.

ಬರುವಾಗ ತಮ್ಮ ಸಾಮಾನನ್ನೇ ತರಲು ಹೇಳಿ. ಮೊದಲ ದಿನ ಎಐಯಿಂದ ಬೇಕೆಂದೇ ಒಂದು ತಪ್ಪು ಉತ್ತರ ತೆಗೆಸಿ ತೋರಿಸಿ. ನಿಮ್ಮ ಊರಿನ ಜಾತ್ರೆಯ ತಾರೀಕು ಕೇಳಿದರೆ ಸಾಕು, ಹೆಚ್ಚಾಗಿ ಕೆಲಸ ಆಗುತ್ತದೆ. ಎಲ್ಲರೂ ನಗುತ್ತಾರೆ, ಆಮೇಲೆ ಯಾರೂ ಅದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಶುರು ಮಾಡಿ, ಮಕ್ಕಳ ಶಾಲೆ ಬಸ್ಸು ಬರುವ ಮೊದಲು ಮುಗಿಸಿ. ಫೀಸು ಸ್ವಲ್ಪವಾದರೂ ತೆಗೆದುಕೊಳ್ಳಿ. ನಿಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಾಕಬೇಕು, ಅಲ್ವಾ?

ಇನ್ನು ದುಡ್ಡು ಕೊಟ್ಟು ಬಳಸುವ ಪ್ಲಾನ್ ಬೇಕಾ ಎಂಬ ಪ್ರಶ್ನೆ. ಫ್ರೀ ಇರುವುದರಲ್ಲಿ "ಇವತ್ತಿಗೆ ಸಾಕು, ನಾಳೆ ಬನ್ನಿ" ಎಂಬ ಅರ್ಥದ ಮೆಸೇಜ್ ವಾರಕ್ಕೆ ಮೂರ್ನಾಲ್ಕು ಸಲ ಬಂದು ನಿಮ್ಮ ಕೆಲಸ ನಿಲ್ಲುತ್ತಿದ್ದರೆ ಆಗ ಯೋಚಿಸಿ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮಾಹಿತಿ ಚೀಟಿ ತೆರೆದು ಬೆಲೆ ಸರಿ ಇದೆಯಾ ನೋಡಿ. ಮಳೆಗಾಲ ಶುರುವಾದ ಕೂಡಲೇ "ಈಗ ಹಪ್ಪಳ ಸ್ಟಾಕ್ ಇಷ್ಟೇ ಇದೆ, ಹೊಸ ಆರ್ಡರ್ ಬೇಡ" ಎಂದು ಸೇರಿಸಿ. ಕ್ವಿಕ್ ರಿಪ್ಲೈನಲ್ಲಿ ಉಳಿದ ಹಳೇ ಬೆಲೆಯನ್ನೂ ಅದೇ ದಿನ ಬದಲಿಸಿ.